ಬಚ್ಚಲುಮನೆಯ ಬೂಷ್ಟು

ಅತಿಥಿಗಳು ಬರುವರೆಂದು ತಿಳಿದೊಡನೆ ಗೃಹಿಣಿಯ ಕಣ್ಣು ಮೊದಲು ಹರಿಯುವುದು ನಡುಮನೆಯ ಕಡೆಗಲ್ಲ, ಬಚ್ಚಲುಮನೆಯ ಕಡೆಗೆ. ನಡುಮನೆಯನ್ನು ಗಳಿಗೆಯಲ್ಲಿ ಗುಡಿಸಿ ಒಪ್ಪಮಾಡಬಹುದು. ಮಂಚಕ್ಕೆ ಒಗೆದ ಮೇಲುಹಾಸನ್ನು ಹಾಸಬಹುದು. ಆದರೆ ಬಿಳಿಯ ಟೈಲುಗಳ ಸಂದಿನಲ್ಲಿ ಕಾಡಿಗೆ ಎಳೆದಂತೆ ಹಬ್ಬಿರುವ ಕಪ್ಪು ಗೆರೆಗಳನ್ನೂ, ಮೂಲೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕುಳಿತಿರುವ ಕಲೆಗಳನ್ನೂ, ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆಯನ್ನೂ ಅರ್ಧ ಗಂಟೆಯಲ್ಲಿ ಮರೆಮಾಡುವ ಬಗೆ ಯಾವುದು? ಮೊನ್ನೆ ತಾನೆ ತಿಕ್ಕಿ ತೊಳೆದ ಜಾಗದಲ್ಲಿಯೇ ಅವು ಮತ್ತೆ ಕಾಣಿಸಿಕೊಂಡಿರುತ್ತವೆ. "ಸರಿಯಾಗಿ ತೊಳೆಯುವುದಿಲ್ಲ" ಎಂಬ ಮಾತು ಮನೆಯ ಹಿರಿಯರಿಂದ ಬರುತ್ತದೆ. ಅದು ಸೊಸೆಯನ್ನು ದಾಟಿ ಮನೆಗೆಲಸದವಳ ಮೇಲೆ ಬೀಳುತ್ತದೆ. ಅವಳು ಇನ್ನಷ್ಟು ಆಸಿಡ್ ಸುರಿಯುತ್ತಾಳೆ. ಬೂಷ್ಟು ಮಾತ್ರ ಯಾರ ಮಾತನ್ನೂ ಲೆಕ್ಕಿಸದೆ ಹದಿನೈದು ದಿನಗಳಲ್ಲಿ ಹಿಂದಿರುಗುತ್ತದೆ.

ನಿಜವಾಗಿ ನೋಡಿದರೆ ಇದರಲ್ಲಿ ತೊಳೆಯುವವರ ತಪ್ಪು ಬಹಳವಿಲ್ಲ. ಬೂಷ್ಟು ಕೊಳೆಯಲ್ಲ; ಅದು ಜೀವವುಳ್ಳ ವಸ್ತು. ತೊಳೆಯುವುದರಿಂದ ಹೋಗುವುದು ಈಗಾಗಲೇ ಬೆಳೆದಿರುವ ಬೂಷ್ಟು. ಮುಂದೆ ಬೆಳೆಯಲಿರುವ ಬೂಷ್ಟನ್ನು ತಡೆಯಬಲ್ಲದು ಒಣಗಿಸುವ ಕೆಲಸವೊಂದೇ. ನಾವು ಮೊದಲನೆಯ ಕೆಲಸವನ್ನು ಬೆವರು ಸುರಿಸಿ ಮಾಡುತ್ತೇವೆ. ಎರಡನೆಯದನ್ನು ಮಾಡುವುದೇ ಇಲ್ಲ. ಆ ಕಾರಣದಿಂದಲೇ ಈ ಹೋರಾಟ ಎಂದಿಗೂ ಮುಗಿಯುವುದಿಲ್ಲ.

ಬಣ್ಣ ಮೂರು, ಜೀವಿಗಳು ಮೂರು ಬಗೆ

ಉಪ್ಪಿನಕಾಯಿಯ ಜಾಡಿಯಲ್ಲಿ ಬಿಳಿಯ ಪೊರೆಯಾಗಿ, ಹಳೆಯ ಬ್ರೆಡ್ಡಿನ ಮೇಲೆ ಹಸಿರು ಹುಡಿಯಾಗಿ, ಮಳೆಗಾಲದಲ್ಲಿ ಮೂಲೆಗಿಟ್ಟ ಚಪ್ಪಲಿಯ ಮೇಲೆ ಬೂದಿಯ ಬಣ್ಣದ ತುಪ್ಪಟದಂತೆ ಕಾಣುವ ಶಿಲೀಂಧ್ರಗಳ ಕುಲಕ್ಕೆ ಸೇರಿದ್ದೇ ಬಚ್ಚಲಿನ ಕಪ್ಪು ಬೂಷ್ಟು. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರಿಗೆ ಪೆನಿಸಿಲಿನ್ನಿನ ಸುಳಿವು ಕೊಟ್ಟದ್ದೂ ಇದೇ ಕುಲದ ಒಂದು ಜೀವಿ. ಆದುದರಿಂದ ಕುಲವನ್ನೆಲ್ಲ ನಿಂದಿಸಬೇಕಾಗಿಲ್ಲ. ಆದರೆ ಅದಕ್ಕೆ ತಕ್ಕ ಜಾಗ ನಮ್ಮ ಬಚ್ಚಲುಮನೆಯಲ್ಲ.

ಬೂಷ್ಟಿನ ಸೂಕ್ಷ್ಮವಾದ ಬೀಜಕಣಗಳು ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ಎಲ್ಲೆಲ್ಲಿಯೂ ತೇಲುತ್ತಿರುತ್ತವೆ. ಅವು ಬಾರದಂತೆ ಬಾಗಿಲು ಹಾಕುವುದು ಯಾರಿಂದಲೂ ಸಾಧ್ಯವಿಲ್ಲ. ಬಂದು ಕುಳಿತ ಕಣ ಮೊಳೆಯಬೇಕಾದರೆ ಆಹಾರ, ಬೆಚ್ಚನೆಯ ಹವೆ, ನೀರು ಈ ಮೂರೂ ಬೇಕು. ಸಾಬೂನಿನ ಜಿಡ್ಡು, ಅಭ್ಯಂಜನದ ಎಣ್ಣೆ, ಮೈಗೆ ಹಚ್ಚಿದ ಕಡಲೆಹಿಟ್ಟು, ಚರ್ಮದಿಂದ ಉದುರುವ ಸಣ್ಣ ಸಿಪ್ಪೆ, ಇವೆಲ್ಲವೂ ಅದಕ್ಕೆ ಆಹಾರವೇ. ಬೆಚ್ಚನೆಯ ಹವೆಯನ್ನು ನಮ್ಮ ನಾಡು ವರ್ಷದ ಹನ್ನೆರಡು ತಿಂಗಳೂ ಒದಗಿಸುತ್ತದೆ. ಇನ್ನು ನಮ್ಮ ಕೈಯಲ್ಲಿ ಉಳಿದಿರುವುದು ನೀರೊಂದೇ. ತೇವವಾದ ವಸ್ತುವನ್ನು ಒಂದೆರಡು ದಿನಗಳೊಳಗೆ ಚೆನ್ನಾಗಿ ಒಣಗಿಸಿದರೆ ಸಾಮಾನ್ಯವಾಗಿ ಅದರ ಮೇಲೆ ಬೂಷ್ಟು ಹಿಡಿಯುವುದಿಲ್ಲ. ಬಚ್ಚಲುಮನೆಯಾದರೋ ಒಣಗುವ ಮುನ್ನವೇ ಮತ್ತೆ ನೆನೆಯುತ್ತದೆ.

ಗೋಡೆಯ ಮೇಲೆ ಕಾಣುವುದೆಲ್ಲವೂ ಬೂಷ್ಟಲ್ಲವೆಂಬುದನ್ನೂ ತಿಳಿದಿರಬೇಕು. ಕಪ್ಪು ಚುಕ್ಕೆಗಳೂ ಗೆರೆಗಳೂ ಸಾಮಾನ್ಯವಾಗಿ ಶಿಲೀಂಧ್ರಗಳು. ಬಕೆಟಿನ ಅಂಚಿನಲ್ಲಿ, ನಲ್ಲಿಯ ಬುಡದಲ್ಲಿ ನಸುಗೆಂಪಾಗಿ ಲೋಳೆಯಂತೆ ಹಿಡಿಯುವುದು ಹೆಚ್ಚಾಗಿ ಸೆರಾಷಿಯ ಎಂಬ ಬ್ಯಾಕ್ಟೀರಿಯ. ಕಿಟಕಿಯಿಂದ ಬೆಳಕು ಬೀಳುವ ಕಡೆ ಹಸಿರಾಗಿ ಹಬ್ಬುವುದು ಪಾಚಿ. ಬಣ್ಣ ಬೇರೆ, ಹುಟ್ಟು ಬೇರೆ. ಆದರೆ ಮೂರಕ್ಕೂ ತೇವವೇ ತಾಯಿ. ಲೋಳೆಯೂ ಪಾಚಿಯೂ ಮುದುಕರ ಕಾಲು ಜಾರಿಸುತ್ತವೆ. ಬೂಷ್ಟು ಉಸಿರಿಗೆ ತೊಂದರೆ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ತೇವ ಮತ್ತು ಬೂಷ್ಟುಗಳನ್ನು ಕುರಿತು 2009ರಲ್ಲಿ ಹೊರಡಿಸಿದ ಮಾರ್ಗದರ್ಶಿಯು, ಅಂತಹ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ ಮೊದಲಾದ ಶ್ವಾಸರೋಗಗಳ ಭಯ ಹೆಚ್ಚೆಂದು ಹೇಳಿದೆ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಬಚ್ಚಲಿನ ಕಪ್ಪು ಮೂಲೆಯನ್ನು ಅಂದಚೆಂದದ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ಹಳೆಯ ಬಚ್ಚಲಿನ ಗುಟ್ಟು

ಹಾಗಾದರೆ ನಮ್ಮ ಅಜ್ಜಿಯರ ಕಾಲದಲ್ಲಿ ಈ ಪೀಡೆ ಇಷ್ಟಿರಲಿಲ್ಲವೇಕೆ? ಆಗುಂಬೆಯಂತಹ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿಯೂ ಜನರು ಬಚ್ಚಲಿನಲ್ಲಿ ಮಿಂದು ಬಾಳಿದರಷ್ಟೆ!

ಹಳೆಯ ಬಚ್ಚಲುಮನೆಯೊಳಗೆ ಒಂದು ಒಲೆಯಿತ್ತು. ಅದರ ಮೇಲೆ ಕೂರಿಸಿದ ತಾಮ್ರದ ಹಂಡೆಯ ಕೆಳಗೆ ಒಣಗಿದ ತೆಂಗಿನ ಗರಿ, ಚಿಪ್ಪು, ಸೌದೆ ಪ್ರತಿದಿನವೂ ಉರಿಯುತ್ತಿದ್ದವು. ನೀರು ಕಾಯುವುದರ ಜೊತೆಗೆ ಗೋಡೆಯೂ ಕಾಯುತ್ತಿತ್ತು. ಕಾದ ಗಾಳಿ ತೇವವನ್ನು ಹೊತ್ತುಕೊಂಡು ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಹೊಗೆಯ ಮಸಿ ಮರದ ಜಂತೆಗಳಿಗೆ ಹಿಡಿದು ಹುಳಕ್ಕೂ ಬೂಷ್ಟಿಗೂ ಎಡೆಗೊಡುತ್ತಿರಲಿಲ್ಲ. ಗೋಡೆಗೆ ಬಳಿಯುತ್ತಿದ್ದುದು ಸುಣ್ಣ. ಹೊಸ ಸುಣ್ಣದ ತೀಕ್ಷ್ಣವಾದ ಕ್ಷಾರಗುಣದಲ್ಲಿ ಬೂಷ್ಟು ಬದುಕಲಾರದು. ಗಾಳಿ ತಾಗಿ ತಾಗಿ ಆ ಸುಣ್ಣವು ಕ್ರಮೇಣ ಸೀಮೆಸುಣ್ಣದಂತೆ ಸಪ್ಪೆಯಾಗುತ್ತದೆ. ಪ್ರತಿವರ್ಷವೂ ಮತ್ತೆ ಬಳಿಯುವ ಪದ್ಧತಿಯಿಂದ ಅದರ ಕಸುವು ಹೊಸದಾಗುತ್ತಿತ್ತು.

ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ಆಚರಿಸುವ ನೀರು ತುಂಬುವ ಹಬ್ಬವನ್ನೇ ನೋಡಿ. ಮಳೆಗಾಲವೆಲ್ಲ ತೇವವನ್ನುಂಡ ಬಚ್ಚಲನ್ನು ಅಂದು ಗುಡಿಸಿ, ತಿಕ್ಕಿ, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣದ ಪಟ್ಟೆಯೆಳೆದು, ಹೂವೇರಿಸಿ ನೀರು ತುಂಬುತ್ತಾರೆ. ವರ್ಷಕ್ಕೊಮ್ಮೆ ಬಚ್ಚಲುಮನೆಗೇ ಒಂದು ಹಬ್ಬ!

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಕಾಲವೇ ಮೇಲೆಂದು ಅರ್ಥವಲ್ಲ. ಆ ಒಲೆಯನ್ನು ಊದಿ ಊದಿ ಕಣ್ಣನ್ನೂ ಎದೆಯನ್ನೂ ಕೆಡಿಸಿಕೊಂಡವರು ನಮ್ಮ ತಾಯಂದಿರೇ. ಹೊಗೆ ಹೋದದ್ದು ಒಳ್ಳೆಯದಾಯಿತು. ಆದರೆ ಬೆಂಕಿಯ ಜೊತೆಗೆ ಬಚ್ಚಲನ್ನು ಒಣಗಿಸುತ್ತಿದ್ದ ಶಕ್ತಿಯೂ ಹೋಯಿತು. ಹಿತ್ತಿಲಿನಲ್ಲಿದ್ದ ಬಚ್ಚಲು ಮಲಗುವ ಕೋಣೆಯ ಪಕ್ಕಕ್ಕೆ ಬಂದಿತು. ಒಲೆಯ ಜಾಗಕ್ಕೆ ಗೀಸರ್ ಬಂದಿತು, ಸುಣ್ಣದ ಜಾಗಕ್ಕೆ ಟೈಲು ಬಂದಿತು. ಹೆಂಚಿನ ಮಾಡು ಹೋಗಿ ಕಾಂಕ್ರೀಟಿನ ತಾರಸಿ ಬಂದಿತು. ಗಾಳಿಗೆ ಉಳಿದದ್ದು ಒಂದಡಿಯ ಕಿಂಡಿ. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರಾದರೂ ಮಾಡಲೇಬೇಕಷ್ಟೆ?

ಒಂದು ಸಣ್ಣ ಲೆಕ್ಕ

"ಕಿಂಡಿ ಇದೆ, ಫ್ಯಾನಿದೆ, ತಾನಾಗಿಯೇ ಒಣಗುತ್ತದೆ" ಎನ್ನುವವರಿಗಾಗಿ ಒಂದು ಲೆಕ್ಕ. 6 ಅಡಿ ಉದ್ದ, 6 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲುಮನೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 8 ಘನ ಮೀಟರ್. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸಾಧಾರಣ ದಿನದಲ್ಲಿ ಅದರ ನೂರಕ್ಕೆ ಅರವತ್ತು ಪಾಲು ಮೊದಲೇ ತುಂಬಿರುತ್ತದೆಂದುಕೊಂಡರೆ, ಇಡೀ ಕೋಣೆಯ ಗಾಳಿ ಇನ್ನು ಕುಡಿಯಬಲ್ಲುದು ಸುಮಾರು 75 ಗ್ರಾಂ, ಎಂದರೆ ಒಂದು ಸಣ್ಣ ಕಾಫಿ ಲೋಟದಷ್ಟು ನೀರು ಮಾತ್ರ.

ಮಿಂದ ಮೇಲೆ ನೆಲದ ಮೇಲೆ ಉಳಿಯುವ ನೀರೆಷ್ಟು? ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ತೆಳುವಾಗಿ ನಿಂತರೂ ಅದು ಒಂದು ಲೀಟರಿಗೆ ಕಡಿಮೆಯಿಲ್ಲ. ಗೋಡೆಯ ಮೇಲಿನ ಹನಿಗಳು ಬೇರೆ. ಈ ನೀರು ಗಾಳಿಯ ಮೂಲಕವೇ ಹೊರಗೆ ಹೋಗಬೇಕಾದರೆ ಕೋಣೆಯ ಗಾಳಿಯೆಲ್ಲ ಹದಿಮೂರು ಸಲ ಪೂರ್ತಿಯಾಗಿ ಬದಲಾಗಬೇಕು. ಹೊರಗಿನ ಗಾಳಿಯೇ ನೂರಕ್ಕೆ ತೊಂಬತ್ತರಷ್ಟು ತೇವದಿಂದ ತುಂಬಿರುವ ಆಷಾಢದ ದಿನಗಳಲ್ಲಿ ಐವತ್ತು ಸಲ ಬದಲಾದರೂ ಸಾಲದು! ಅದೇ ನೀರನ್ನು ಉದ್ದ ಹಿಡಿಯ ವೈಪರಿನಿಂದ ಮೋರಿಗೆ ತಳ್ಳಲು ಬೇಕಾಗುವುದು ಒಂದೇ ನಿಮಿಷ. ಬೂಷ್ಟಿನ ವಿರುದ್ಧ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಬಲವಾದ ಮದ್ದು ಮತ್ತೊಂದಿಲ್ಲ.

ಅಡುಗೆಮನೆಯ ಮದ್ದುಗಳು

ಈಗಾಗಲೇ ಬೇರೂರಿರುವ ಬೂಷ್ಟನ್ನು ತೆಗೆಯಲು ದುಬಾರಿಯಾದ ಸೀಸೆಗಳೇ ಬೇಕೆಂದಿಲ್ಲ. ಅಡುಗೆಮನೆಯಲ್ಲಿರುವ ಕೆಲವು ವಸ್ತುಗಳಿಂದಲೇ ಬಹುಪಾಲು ಕೆಲಸವಾಗುತ್ತದೆ. ಕೆಲಸಕ್ಕೆ ತೊಡಗುವ ಮುನ್ನ ಕಿಟಕಿ ತೆರೆಯಿರಿ. ಮೂಗುಬಾಯಿಗೆ ಬಟ್ಟೆ ಕಟ್ಟಿರಿ. ಕೈಗೆ ರಬ್ಬರಿನ ಗವಸು ತೊಡಿರಿ. ಒಣಗಿದ ಬೂಷ್ಟನ್ನು ಹಾಗೆಯೇ ಕೆರೆದರೆ ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಆದುದರಿಂದ ಮೊದಲು ತೋಯಿಸಿ, ಆಮೇಲೆ ಉಜ್ಜಬೇಕು.

ವಿನಿಗರ್: ಅಂಗಡಿಯಲ್ಲಿ ದೊರೆಯುವ ಬಿಳಿಯ ವಿನಿಗರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ. ಇದನ್ನು ನೀರು ಬೆರೆಸದೆ ಹಳೆಯ ಬಟ್ಟೆಯಲ್ಲಿ ಅದ್ದಿ ಟೈಲಿನ ಸಂದುಗಳಿಗೆ ಒತ್ತಿ, ಒಂದು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಎಲ್ಲ ಬಗೆಯ ಬೂಷ್ಟೂ ಇದಕ್ಕೆ ಸಾಯುವುದಿಲ್ಲವಾದರೂ ಹಲವು ಬಗೆಗಳು ಸೋಲುತ್ತವೆ. ಕೊಳವೆಬಾವಿಯ ಗಡಸುನೀರಿನಿಂದ ನಲ್ಲಿಗೂ ಟೈಲಿಗೂ ಹಿಡಿಯುವ ಬಿಳಿಯ ಉಪ್ಪಿನ ಪೊರೆಯೂ ಕರಗುತ್ತದೆ. ಆ ಒರಟು ಪೊರೆಯೇ ಬೂಷ್ಟಿಗೆ ಕಾಲೂರುವ ಜಾಗ. ವಿನಿಗರ್ ಇಲ್ಲದಿದ್ದರೆ ನಲ್ಲಿಯ ಉಪ್ಪಿಗೆ ನಿಂಬೆಯ ಹೋಳನ್ನು ಉಜ್ಜಬಹುದು. ಅದರಲ್ಲಿರುವುದು ಸಿಟ್ರಿಕ್ ಆಮ್ಲ.

ಅಡುಗೆ ಸೋಡ: ಮೂರು ಪಾಲು ಸೋಡಕ್ಕೆ ಒಂದು ಪಾಲು ನೀರು ಬೆರೆಸಿ ಚಟ್ನಿಯ ಹದಕ್ಕೆ ಕಲಸಿ ಸಂದುಗಳಿಗೆ ಮೆತ್ತಿ ಉಜ್ಜಿರಿ. ಇದು ನಯವಾಗಿ ಕೆರೆಯುತ್ತದೆ, ಟೈಲಿಗೆ ಗೀರು ಬೀಳಿಸುವುದಿಲ್ಲ, ಮುಗ್ಗಲು ವಾಸನೆಯನ್ನೂ ತಗ್ಗಿಸುತ್ತದೆ. ಜಿಡ್ಡು ಹೆಚ್ಚಾಗಿರುವ ನೆಲಕ್ಕೆ ಬಟ್ಟೆ ಒಗೆಯುವ ಸೋಡವನ್ನು ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚದಷ್ಟು ಹಾಕಿ ಬಳಸಬಹುದು. ಆದರೆ ಇದು ಕೈಯನ್ನು ಸುಡುತ್ತದೆಯಾದ್ದರಿಂದ ಗವಸನ್ನು ಮರೆಯಬಾರದು. ಅಲ್ಯುಮಿನಿಯಂ ಪಾತ್ರೆಗಳಿಗೆ ತಾಗಿಸಬಾರದು.

ಅಂಟುವಾಳ: ಗಡಸುನೀರಿನಲ್ಲಿ ಸಾಬೂನು ಬಳಸಿದಾಗ ಗೋಡೆಗೂ ಬಕೆಟಿಗೂ ಬೂದುಬಣ್ಣದ ಜಿಡ್ಡು ಹಿಡಿಯುವುದನ್ನು ಎಲ್ಲರೂ ಬಲ್ಲರು. ಬೂಷ್ಟಿಗೆ ಅದು ಮೃಷ್ಟಾನ್ನ. ಅಂಟುವಾಳದ ನೊರೆ ಗಡಸುನೀರಿನಲ್ಲಿ ಹಾಗೆ ಜಿಡ್ಡಾಗುವುದಿಲ್ಲ. ಹತ್ತು ಹನ್ನೆರಡು ಕಾಯಿಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದ ನೀರು ಎಣ್ಣೆಸ್ನಾನದ ಮರುದಿನ ನೆಲ ತೊಳೆಯಲು ಬಹಳ ಒಳ್ಳೆಯದು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ; ಬಹಳ ಉರಿಯುತ್ತದೆ.

ಬಿಸಿಲು: ಕಾಸಿಲ್ಲದೆ ದೊರೆಯುವ ಮದ್ದು ಇದು. ಪರದೆ, ಕಾಲೊರೆಸು, ಮಣೆ, ತಂಬಿಗೆ, ಮಗ್ಗು, ಬಕೆಟುಗಳನ್ನು ವಾರಕ್ಕೊಮ್ಮೆ ತೊಳೆದು ತಾರಸಿಯ ಮೇಲೆ ಬೋರಲು ಹಾಕಿದರೆ ಅರ್ಧದಷ್ಟು ತೊಂದರೆ ಅಲ್ಲಿಯೇ ಮುಗಿಯುತ್ತದೆ.

ಊದುಬತ್ತಿ, ಕರ್ಪೂರ, ಸುಗಂಧದ ಬಿಲ್ಲೆಗಳನ್ನು ಈ ಪಟ್ಟಿಗೆ ಸೇರಿಸಿಲ್ಲ. ಅವು ವಾಸನೆಯನ್ನು ಮರೆಸಬಲ್ಲವೇ ಹೊರತು ಅವನ್ನು ನಂಬಿ ಬೂಷ್ಟನ್ನು ಬಿಟ್ಟಿರುವಂತಿಲ್ಲ.

ಕಲ್ಲಿನ ಗುಣವರಿತು ಕೈಹಾಕಿ

ಹುಳಿಯ ಪದಾರ್ಥವನ್ನು ಎಲ್ಲ ನೆಲಕ್ಕೂ ಸುರಿಯಬಾರದು. ನಮ್ಮ ಕಡೆಯ ಅನೇಕ ಮನೆಗಳ ಬಚ್ಚಲಿಗೆ ಹಾಸಿರುವುದು ಕಡಪ ಕಲ್ಲು. ಕಲ್ಯಾಣ ಕರ್ನಾಟಕದ ಕಡೆ ಶಹಾಬಾದ್ ಕಲ್ಲು. ಇವೆರಡೂ ಸುಣ್ಣಕಲ್ಲಿನ ಜಾತಿಯವು. ಅಮೃತಶಿಲೆಯೂ ಅದೇ ಬಳಗದ್ದು. ವಿನಿಗರ್, ನಿಂಬೆ, ಹುಣಸೆಗಳ ಹುಳಿ ತಾಗಿದರೆ ಇವುಗಳ ಹೊಳಪು ಹೋಗಿ ಮೈ ಒರಟಾಗುತ್ತದೆ. ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಆ ಗುಳಿಗಳಲ್ಲಿ ನೀರು ನಿಂತು ಬೂಷ್ಟು ಮೊದಲಿಗಿಂತ ಹೆಚ್ಚುತ್ತದೆ. ಸಿಮೆಂಟಿನ ನೆಲಕ್ಕೂ ಆಸಿಡ್ ಶತ್ರುವೇ. ಇಂತಹ ನೆಲಗಳಿಗೆ ಅಡುಗೆ ಸೋಡವೂ ಅಂಟುವಾಳವೂ ಸಾಕು. ಗಟ್ಟಿ ಟೈಲಿಗೆ ವಿನಿಗರ್ ಬಳಸುವವರೂ ಒಂದು ಗಂಟೆ ಕಳೆದ ಕೂಡಲೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಟೈಲಿನ ಸಂದಿಗೆ ತುಂಬಿರುವುದು ಸಿಮೆಂಟೇ ಎಂಬುದು ನೆನಪಿರಲಿ.

ಬೆರೆಸಬಾರದ ಜೋಡಿಗಳು

ಸೋಡದ ಮೇಲೆ ವಿನಿಗರ್ ಸುರಿದಾಗ ಬುಸ್ಸೆಂದು ನೊರೆಯುಕ್ಕುವುದನ್ನು ಕಂಡು, ಎರಡೂ ಸೇರಿದರೆ ಬಲ ಇಮ್ಮಡಿಸುತ್ತದೆಂದು ಹಲವರು ಭಾವಿಸಿದ್ದಾರೆ. ಆಗುವುದು ಇದಕ್ಕೆ ವಿರುದ್ಧ. ಒಂದು ಹುಳಿ, ಮತ್ತೊಂದು ಕ್ಷಾರ. ಎರಡೂ ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ಸಪ್ಪೆಯಾದ ಉಪ್ಪುನೀರು. ನೊರೆಯ ಆರ್ಭಟದಲ್ಲಿ ಒಂದಿಷ್ಟು ಕೊಳೆ ಸಡಿಲವಾಗಬಹುದು, ಅಷ್ಟೆ. ಇಂದು ಒಂದನ್ನು ಬಳಸಿ ತೊಳೆದು, ನಾಳೆ ಇನ್ನೊಂದನ್ನು ಬಳಸುವುದು ಜಾಣತನ.

ಈ ಜೋಡಿಯಿಂದ ಆಗುವುದು ಬರಿಯ ನಷ್ಟ. ಇನ್ನೊಂದು ಜೋಡಿ ಪ್ರಾಣಕ್ಕೇ ಎರವಾದೀತು. ಬ್ಲೀಚಿಂಗ್ ಪೌಡರಿಗೆ ಆಸಿಡ್ ಆಗಲಿ, ಪಾಯಿಖಾನೆ ತೊಳೆಯುವ ದ್ರವವಾಗಲಿ, ವಿನಿಗರ್ ಆಗಲಿ ಎಂದಿಗೂ ಸೇರಬಾರದು. ಸೇರಿದೊಡನೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲಿನಲ್ಲಿ, ಬೆಲ್ಜಿಯಮಿನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ. ಕಿಂಡಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಬಗ್ಗಿ ಕುಳಿತು ನೆಲ ತಿಕ್ಕುವವರ ಮೂಗಿಗೆ ಅದು ಮೊದಲು ತಾಗುತ್ತದೆ. "ಚೆನ್ನಾಗಿ ಬೆಳ್ಳಗಾಗಲಿ" ಎಂದು ಮನೆಗೆಲಸದವಳ ಕೈಗೆ ಎರಡು ಡಬ್ಬಿಗಳನ್ನೂ ಒಟ್ಟಿಗೆ ಕೊಡುವ ಯಜಮಾನಿ ಈ ಮಾತನ್ನು ಅವಳಿಗೂ ತಿಳಿಸಿ ಹೇಳಬೇಕು, ಗವಸನ್ನೂ ಕೊಡಬೇಕು. ಅವಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಕಿಂಡಿಯನ್ನು ಮುಚ್ಚಬೇಡಿ

ಚಳಿಗಾಲ ಬಂದೊಡನೆ ಬಚ್ಚಲಿನ ಕಿಂಡಿಗೆ ರಟ್ಟನ್ನೋ ಹಳೆಯ ಪತ್ರಿಕೆಯನ್ನೋ ಅಂಟಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಬಿಸಿನೀರಿನ ಆವಿಯೆಲ್ಲ ಒಳಗೇ ನಿಂತು, ತಣ್ಣನೆಯ ಗೋಡೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ಬೂಷ್ಟಿಗೆ ಇದಕ್ಕಿಂತ ಹೆಚ್ಚಿನ ಉಪಚಾರ ಬೇಕೆ? ಆದರೆ ಬೂಷ್ಟಿಗಿಂತ ದೊಡ್ಡ ಭಯ ಇನ್ನೊಂದಿದೆ. ಅಂತಹ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅದರ ಜ್ವಾಲೆ ಕೋಣೆಯ ಗಾಳಿಯನ್ನೇ ತಿಂದು, ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ. ನಮ್ಮ ಊರುಗಳಲ್ಲಿಯೂ ಹೀಗೆ ಪ್ರಾಣಗಳು ಹೋಗಿವೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ, ಬಿಸಿನೀರಿನ ಕೊಳಾಯಿಯನ್ನು ಮಾತ್ರ ಒಳಗೆ ತರಬೇಕು. ಕಿಂಡಿ ಎಲ್ಲ ಕಾಲದಲ್ಲಿಯೂ ತೆರೆದಿರಬೇಕು.

ಗಾಳಿಯನ್ನು ಹೊರಗೆಳೆಯುವ ಫ್ಯಾನಿದ್ದರೆ ಸ್ನಾನವಾದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಓಡಲಿ. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದಿರಲಿ. ಒಳಗೆ ಬರಲು ದಾರಿಯಿಲ್ಲದಿದ್ದರೆ ಗಾಳಿ ಹೊರಗೆ ಹೋಗುವುದಾದರೂ ಹೇಗೆ? ಒದ್ದೆ ಬಟ್ಟೆಗಳನ್ನು ಬಚ್ಚಲಿನಲ್ಲಿಯೇ ಹರವುವುದನ್ನು ಬಿಡಬೇಕು.

ಎಷ್ಟು ಒಣಗಿಸಿದರೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೂಷ್ಟು ಬರುತ್ತಿದ್ದರೆ, ಬಣ್ಣ ಹೊಪ್ಪಳೆಯೆದ್ದು ಉದುರುತ್ತಿದ್ದರೆ, ಗೋಡೆಯೊಳಗಿನ ಕೊಳಾಯಿ ಸೋರುತ್ತಿರಬಹುದು. ಅದನ್ನು ರಿಪೇರಿ ಮಾಡಿಸುವ ತನಕ ಯಾವ ಮದ್ದೂ ನಾಟದು. ಬಾಡಿಗೆಯ ಮನೆಯವರು ಇದನ್ನು ಮಾಲೀಕರಿಗೆ ತಡಮಾಡದೆ ತಿಳಿಸುವುದು ಇಬ್ಬರಿಗೂ ಹಿತ. ಸೋರಿಕೆ ನಿಂತ ಮೇಲೆ ಗೋಡೆ ಪೂರ್ತಿಯಾಗಿ ಆರುವವರೆಗೆ ಹೊಸ ಬಣ್ಣ ಬಳಿಯಬಾರದು. ಸಂದಿನ ಸಿಮೆಂಟಿನೊಳಗೇ ಕಪ್ಪು ಇಳಿದಿದ್ದರೆ ಅದನ್ನು ಕೆರೆದು ತೆಗೆದು ಹೊಸದಾಗಿ ತುಂಬಿಸಬೇಕು. ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ಹೆಚ್ಚಾಗಿ ಬೂಷ್ಟು ಹಬ್ಬಿದ್ದರೆ ಬಲ್ಲವರನ್ನು ಕರೆಸುವುದು ಲೇಸು. ಉಬ್ಬಸವುಳ್ಳವರು ಇಂತಹ ಕೆಲಸಕ್ಕೆ ಕೈಹಾಕಲೇಬಾರದು.

ಕೊನೆಗೆ ಮಿಂದವರ ಪಾಳಿ

ಬೂಷ್ಟು ಬಾರದಂತೆ ಮಾಡಲು ಮನೆಯವರೆಲ್ಲರೂ ಒಪ್ಪಿಕೊಳ್ಳಬೇಕಾದ ನಿಯಮಗಳು ಮೂರೇ ಮೂರು. ಪ್ರತಿದಿನ: ಬೆಳಗಿನ ಸ್ನಾನಗಳು ಮುಗಿದ ಮೇಲೆ ಕೊನೆಗೆ ಮಿಂದವರು ಗೋಡೆಯ ಕೆಳಭಾಗದಿಂದಲೂ ನೆಲದಿಂದಲೂ ನೀರನ್ನು ಮೋರಿಗೆ ತಳ್ಳಿ, ಕಿಟಕಿ ತೆರೆದು ಬರಬೇಕು. ಪ್ರತಿ ವಾರ: ಸೋಡ ಅಥವಾ ಅಂಟುವಾಳದಿಂದ ತೊಳೆದು, ಸಾಮಾನುಗಳನ್ನು ಬಿಸಿಲಿಗಿಡಬೇಕು. ಪ್ರತಿ ತಿಂಗಳು: ಸಂದುಗಳನ್ನು, ಬಾಗಿಲಿನ ಕೆಳತುದಿಯನ್ನು, ಬಕೆಟಿನ ತಳವನ್ನು ಕಣ್ಣಿಟ್ಟು ನೋಡಿ, ಚುಕ್ಕೆ ಕಂಡಲ್ಲಿ ಕಲ್ಲಿನ ಗುಣಕ್ಕೆ ಒಪ್ಪುವ ಮದ್ದನ್ನು ಹಾಕಬೇಕು.

ಮೊದಲನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವಾದುದು. ಪಾಲಿಸಲು ಕಷ್ಟವಾದುದೂ ಅದೇ. ಕಚೇರಿಗೆ ಹೊರಡುವ ಆತುರದಲ್ಲಿ ಮನೆಯ ಯಜಮಾನರೇ ಕೊನೆಗೆ ಮಿಂದರೆ ವೈಪರ್ ಅವರ ಕೈಗೇ ಬರಬೇಕಾಗುತ್ತದೆ. ಕಾಲೇಜಿಗೆ ಹೋಗುವ ಮಗ ಮಿಂದರೆ ಅವನ ಕೈಗೆ. ಇದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ. ತಿಂಗಳಿಗೆರಡು ಸಲ ಒಬ್ಬಳೇ ಮಂಡಿಯೂರಿ ಗಂಟೆಗಟ್ಟಲೆ ತಿಕ್ಕುವ ಕೆಲಸವನ್ನು ಎಲ್ಲರ ಒಂದೊಂದು ನಿಮಿಷ ತಪ್ಪಿಸಬಲ್ಲುದಾದರೆ, ಅದಕ್ಕಿಂತ ಒಳ್ಳೆಯ ಉಳಿತಾಯ ಯಾವುದು? ಅಂದು ಬೆಂಕಿ ಮಾಡುತ್ತಿದ್ದ ಕೆಲಸವನ್ನು ಇಂದು ಮನೆಯ ಎಲ್ಲ ಕೈಗಳೂ ಹಂಚಿಕೊಳ್ಳಲಿ.